ಉಂಡು ಮಲಗುವ ತನಕ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮದುವೆಯ ಮನೆಯಲ್ಲಿ ಹಿರಿಯರು ಅದನ್ನು ನಗುನಗುತ್ತ ಹೇಳುತ್ತಾರೆ. ಪಕ್ಕದ ಮನೆಯ ಗದ್ದಲ ಕೇಳಿ ಬಾಗಿಲವರೆಗೆ ಹೋದವರು ಅದನ್ನೇ ಹೇಳಿಕೊಂಡು ಹಿಂದಿರುಗುತ್ತಾರೆ. ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿಗೂ ಎಷ್ಟೋ ಸಲ ಸಿಕ್ಕುವ ಸಮಾಧಾನ ಅದೇ. ಗಾದೆಯಲ್ಲಿ ಸಂಸಾರದ ಅನುಭವವಿದೆ, ಇಲ್ಲವೆನ್ನಲಾಗದು. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ ತವರಿನಿಂದ ಬರುವುದು ನಾಲ್ಕು ದಿನ ತಡವಾಯಿತೆಂದೋ ಹುಟ್ಟಿದ ಮಾತು ರಾತ್ರಿಯ ಊಟದೊಂದಿಗೆ ಮುಗಿಯುವುದೇ ಒಳ್ಳೆಯದು. ಮೂರನೆಯವರು ಅದರಲ್ಲಿ ಕೈಹಾಕಿದರೆ ಕೆಡುವುದೇ ಹೆಚ್ಚು. ಆದರೆ ಗಾದೆ ಎರಡು ಸಂಗತಿಗಳನ್ನು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡುಬಿಟ್ಟಿದೆ. ಒಂದು, ನಡೆದದ್ದು ಜಗಳ; ಎಂದರೆ ಇಬ್ಬರಿಗೂ ಬಾಯಿದೆ, ಇಬ್ಬರಿಗೂ ಬಲವಿದೆ. ಇನ್ನೊಂದು, ಮಲಗಿದ ಇಬ್ಬರೂ ಬೆಳಗ್ಗೆ ಏಳುತ್ತಾರೆ. ಒಬ್ಬರು ಹೊಡೆಯುವುದು, ಇನ್ನೊಬ್ಬರು ಹೊಡೆಸಿಕೊಳ್ಳುವುದು ಎಂದಾದಾಗ ಅದನ್ನು ಜಗಳವೆನ್ನುವುದು ಹೇಗೆ? ಆ ಮನೆಯ ಬೀರುವಿನಲ್ಲಿ ಗುಂಡು ತುಂಬಿದ ಪಿಸ್ತೂಲೂ ಇದ್ದರೆ ಬೆಳಗ್ಗೆ ಯಾರು ಏಳುತ್ತಾರೆಂಬುದನ್ನು ಗಾದೆ ಹೇಳಲಾರದು.

ಈ ಮನೋಧರ್ಮ ನಮ್ಮದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಉತ್ತರ ಕೆರೊಲೈನಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1874ರಲ್ಲಿ ಒಂದು ತೀರ್ಪು ಕೊಟ್ಟಿತು. ಬೆಳಗಿನ ಹೊತ್ತು ಕುಡಿದು ಮನೆಗೆ ಬಂದ ಗಂಡ ತಿಂಡಿಯ ವಿಷಯಕ್ಕೆ ಮಾತು ತೆಗೆದು ಹೆಂಡತಿಯನ್ನು ಬೆತ್ತದಂಥ ಕೋಲಿನಿಂದ ಹೊಡೆದಿದ್ದ. ಕೆಳಗಿನ ಕೋರ್ಟು ಹತ್ತು ಡಾಲರು ದಂಡ ಹಾಕಿತ್ತು. ಹೆಂಡತಿಯನ್ನು ಹೊಡೆಯುವ ಹಕ್ಕು ಗಂಡನಿಗೆ ಇಲ್ಲವೆಂದು ಮೇಲಿನ ಕೋರ್ಟು ಸ್ಪಷ್ಟವಾಗಿಯೇ ಹೇಳಿತು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಅದರ ಬೆನ್ನಿಗೇ, ಶಾಶ್ವತವಾದ ಗಾಯವೇನೂ ಆಗದಿದ್ದಲ್ಲಿ, ಅತಿಯಾದ ಕ್ರೌರ್ಯ ಕಾಣದಿದ್ದಲ್ಲಿ, ಲೋಕದ ಕಣ್ಣಿಗೆ ಬೀಳದಂತೆ ತೆರೆಯೆಳೆದು, ಮರೆತು ಕ್ಷಮಿಸುವುದಕ್ಕೆ ಅವರಿಬ್ಬರನ್ನೇ ಬಿಟ್ಟುಬಿಡುವುದು ಲೇಸು ಎಂಬ ಅರ್ಥದ ಮಾತನ್ನೂ ಸೇರಿಸಿತು. ಕನ್ನಡದ ಗಂಧವಿಲ್ಲದ ಆ ನ್ಯಾಯಾಧೀಶರು ನಮ್ಮ ಗಾದೆಯನ್ನೇ ಕಾನೂನಿನ ಭಾಷೆಯಲ್ಲಿ ಬರೆದಿಟ್ಟರೆನ್ನಬೇಕು.

ಒಂದೂವರೆ ಶತಮಾನದ ಹಿಂದಿನ ಈ ತೀರ್ಪನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಅದೇ ದೇಶದಲ್ಲಿ ಇಂದಿಗೂ ಒಂದು ವಾದ ನಡೆಯುತ್ತಿದೆ: ಮನೆಯವರನ್ನು ಹೊಡೆದವನ ಕೈಗೆ ಬಂದೂಕು ಕೊಡಬಹುದೆ? ಕೊಡಬಾರದೆಂದರೆ, ಅವನು ಅಂಥವನೆಂದು ತಿಳಿಯುವ ಬಗೆ ಯಾವುದು? ನಮ್ಮ ಎಷ್ಟೋ ಮನೆಗಳ ಮಕ್ಕಳು ಮೊಮ್ಮಕ್ಕಳು ಈಗ ಆ ದೇಶದಲ್ಲಿದ್ದಾರೆ. ಅಲ್ಲಿನ ಗುಂಡಿನ ಸುದ್ದಿ ಬಂದಾಗಲೆಲ್ಲ ಇಲ್ಲಿ ಟೆಲಿಫೋನು ಹುಡುಕುವ ಕೈಗಳು ಕಡಮೆಯಿಲ್ಲ. ಆದರೂ ನಮ್ಮಲ್ಲಿ ಈ ವಾದವನ್ನು ಬಂದೂಕಿನ ವಾದವೆಂದೇ ತಿಳಿಯುತ್ತಾರೆ. ನನ್ನ ಮಟ್ಟಿಗೆ ಇದು ಬಂದೂಕಿನದಕ್ಕಿಂತ ಹೆಚ್ಚಾಗಿ ಪೆಟ್ಟಿನ ಬೆಲೆಯನ್ನು ಕುರಿತ ವಾದ.

ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಲೈಸೆನ್ಸು ಪಡೆದ ಅಂಗಡಿಯಲ್ಲಿ ಬಂದೂಕು ಕೊಳ್ಳಲು ಹೋದವನು ಮೊದಲು ಒಂದು ನಮೂನೆಯನ್ನು ತುಂಬಬೇಕು. ಘೋರವಾದ ಅಪರಾಧದಲ್ಲಿ ಶಿಕ್ಷೆಯಾಗಿದೆಯೆ? ಸಂಗಾತಿಯನ್ನು ಕಾಡಕೂಡದು, ಬೆದರಿಸಕೂಡದು ಎಂದು ಯಾವುದಾದರೂ ಕೋರ್ಟು ನಿನ್ನ ಮೇಲೆ ತಡೆಯಾಜ್ಞೆ ಹೊರಡಿಸಿದೆಯೆ? ಮನೆಯವರ ಮೇಲೆ ಕೈಮಾಡಿದ ಕಿರು ಅಪರಾಧದಲ್ಲಿ ಶಿಕ್ಷೆಯಾಗಿದೆಯೆ? ಹೀಗೆ ಸಾಗುತ್ತವೆ ಪ್ರಶ್ನೆಗಳು. ಸುಳ್ಳು ಬರೆದರೆ ಅದೂ ಅಪರಾಧ. ಅಂಗಡಿಯವನು ಆ ಹೆಸರನ್ನು ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ನಡೆಸುವ ಕಡತದ ಜೊತೆ ತಾಳೆ ನೋಡಿಸುತ್ತಾನೆ. ಬಹುಪಾಲು ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಇದೇ ಪೂರ್ವಾಪರ ಪರಿಶೀಲನೆ. 1981ರಲ್ಲಿ ಅಧ್ಯಕ್ಷ ರೇಗನ್ನರ ಮೇಲೆ ಹಾರಿದ ಗುಂಡಿನಲ್ಲಿ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ತಲೆಗೆ ಪೆಟ್ಟು ಬಿದ್ದು ಅವರು ಬಾಳೆಲ್ಲ ಗಾಲಿಕುರ್ಚಿಯಲ್ಲಿ ಕಳೆಯುವಂತಾಯಿತು. ಅವರ ಪತ್ನಿ ಸಾರಾ ಬ್ರೇಡಿ ವರ್ಷಗಟ್ಟಲೆ ಹೋರಾಡಿದ ಮೇಲೆ 1993ರಲ್ಲಿ ಕಾನೂನಾಯಿತು. ಈಗಿನ ಕಡತದ ಏರ್ಪಾಡು 1998ರ ಕೊನೆಯಲ್ಲಿ ಆರಂಭವಾಯಿತು.

ಯಾರಿಗೆ ಕೊಡಕೂಡದೆಂಬ ಪಟ್ಟಿ ಇದಕ್ಕಿಂತ ಹಳೆಯದು. ಘೋರ ಅಪರಾಧಿಗಳನ್ನೂ ಇತರ ಕೆಲವರನ್ನೂ ದೂರವಿಟ್ಟದ್ದು ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ 1968ರ ಕಾನೂನು. ಆ ಪಟ್ಟಿಯಲ್ಲಿ ಹೆಂಡತಿಯನ್ನು ಹೊಡೆದವನಿರಲಿಲ್ಲ. ಅವನು ಸೇರಿದ್ದು ಕಾಲು ಶತಮಾನ ಕಳೆದ ಮೇಲೆ: 1994ರಲ್ಲಿ ತಡೆಯಾಜ್ಞೆಗೆ ಒಳಗಾದವರು, 1996ರಲ್ಲಿ ಸೆನೆಟರ್ ಫ್ರ್ಯಾಂಕ್ ಲಾಟನ್‌ಬರ್ಗರ ತಿದ್ದುಪಡಿಯಿಂದ ಮನೆಯವರ ಮೇಲೆ ಕೈಮಾಡಿದ ಕಿರು ಅಪರಾಧಿಗಳು. ಈ ಎರಡನೆಯದರ ಬಗೆಗೇ ವಾದ ಹೆಚ್ಚು.

ಕಿರು ಅಪರಾಧ ಎಂಬ ಮಾತಿನ ಮೇಲೆ ಒಂದು ಗಳಿಗೆ ನಿಲ್ಲಬೇಕು. ಅಲ್ಲಿನ ಕಾನೂನಿನಲ್ಲಿ ಅಪರಾಧಗಳಿಗೆ ದೊಡ್ಡದು ಚಿಕ್ಕದು ಎಂಬ ಎರಡು ಜಾತಿಗಳಿವೆ: ಫೆಲನಿ ಮತ್ತು ಮಿಸ್‌ಡಿಮೀನರ್. ಕಾರು ಕದ್ದರೆ ಸಾಮಾನ್ಯವಾಗಿ ದೊಡ್ಡದು. ಹೆಂಡತಿಯ ಕೆನ್ನೆಗೆ ಬಾರಿಸಿದರೆ ಬಹುಮಟ್ಟಿಗೆ ಚಿಕ್ಕದು. ಏಕೆ? ಪೆಟ್ಟು ಹಗುರವಾದದ್ದರಿಂದ ಎಂದೇನಲ್ಲ. ಎಷ್ಟೋ ಕಡೆ ದೊಡ್ಡ ಅಪರಾಧವನ್ನೇ ಮಾಡಿದವನೂ, ಸಾಕ್ಷಿ ಹೇಳಬೇಕಾದವಳು ಅವನ ಮನೆಯಲ್ಲೇ ಇರುವುದರಿಂದ, ಅವಳ ಮಕ್ಕಳ ಅನ್ನ ಅವನ ಸಂಬಳದಿಂದ ಬರುವುದರಿಂದ, ಸರ್ಕಾರಿ ವಕೀಲರು ಇಷ್ಟಾದರೂ ಒಪ್ಪಿಕೊಳ್ಳಲಿ ಎಂದು ರಾಜಿಗೆ ಬರುವುದರಿಂದ, ಚಿಕ್ಕ ಅಪರಾಧದ ಹೆಸರಿನಲ್ಲಿ ಹೊರಗೆ ಬರುತ್ತಾನೆ. ಬೀದಿಯಲ್ಲಿ ಹೋಗುವ ಅಪರಿಚಿತನ ಹಲ್ಲು ಮುರಿದಿದ್ದರೆ ಆಗುತ್ತಿದ್ದ ಶಿಕ್ಷೆಯ ಪಾಲು ಇಲ್ಲಿ ಕಡಮೆ. ಲಾಟನ್‌ಬರ್ಗರು ಕಂಡದ್ದು ಇದನ್ನೇ. ಸಮಾಜ ಯಾವುದನ್ನು ಅಗ್ಗವಾಗಿ ಕಂಡಿತ್ತೋ ಅದರ ನಿಜವಾದ ಅಪಾಯ ಆ ಬೆಲೆಗೆ ಸಮವಲ್ಲವೆಂದು ಅವರ ತಿದ್ದುಪಡಿ ಹೇಳಿತು.

2016ರ ಫೆಬ್ರುವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಈ ತಿದ್ದುಪಡಿಯನ್ನು ಕುರಿತ ಒಂದು ಮೊಕದ್ದಮೆಯ ವಾದ ನಡೆಯುತ್ತಿತ್ತು. ಮೇನ್ ರಾಜ್ಯದ ಒಬ್ಬ ಮನುಷ್ಯ ಹಿಂದೆ ತನ್ನ ಗೆಳತಿಯನ್ನು ಹೊಡೆದು ಶಿಕ್ಷೆ ಹೊಂದಿದ್ದ; ಅದನ್ನು ಕೇಳುವವರಿರಲಿಲ್ಲ. ಮುಂದೆ ಅವನೊಂದು ಬಿಳಿತಲೆಯ ಹದ್ದನ್ನು ಕೊಂದನೆಂದು ದೂರು ಬಂದು ವಿಚಾರಿಸಿದಾಗ ಅವನ ಬಳಿ ರೈಫಲ್ ಇರುವುದು ಹೊರಬಿತ್ತು. (ಹೆಣ್ಣಿನ ಪೆಟ್ಟು ತರದ ಪೊಲೀಸರನ್ನು ಹದ್ದಿನ ಸಾವು ಕರೆತಂದಿತು, ಆ ಹದ್ದು ಅವರ ರಾಷ್ಟ್ರಪಕ್ಷಿ.) ಹತ್ತು ವರ್ಷಗಳಿಂದ ವಾದದ ವೇಳೆ ಒಂದು ಪ್ರಶ್ನೆಯನ್ನೂ ಕೇಳದೆ ಮೌನವಾಗಿ ಕುಳಿತಿದ್ದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅಂದು ಬಾಯಿಬಿಟ್ಟರು. ಕಿರು ಅಪರಾಧವೊಂದಕ್ಕಾಗಿ ಸಂವಿಧಾನ ಕೊಟ್ಟ ಹಕ್ಕೊಂದನ್ನು ಕಿತ್ತುಕೊಳ್ಳುವ ಉದಾಹರಣೆ ಬೇರೆ ಎಲ್ಲಿಯಾದರೂ ಇದೆಯೆ ಎಂದು ಕೇಳಿದರು.

ಪ್ರಶ್ನೆ ಲಘುವಾದದ್ದಲ್ಲ. 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧ ಹೊಂದುವುದನ್ನು ಆ ದೇಶದ ಪ್ರಜೆಯ ಹಕ್ಕೆಂದು ಹೇಳುತ್ತದೆ; ವಾಕ್ಸ್ವಾತಂತ್ರ್ಯದ ಪಕ್ಕದಲ್ಲೇ ಅದಕ್ಕೆ ಸ್ಥಾನ. ಒಬ್ಬನಿಗೆ ಕಿರು ಅಪರಾಧಕ್ಕಾಗಿ ಬಾಯಿ ಹೊಲಿಯಬಹುದೆ? ಆದರೆ ಈ ಪ್ರಶ್ನೆಯ ಬುಡದಲ್ಲೊಂದು ಮೋಸ ಅಡಗಿದೆ. ಅದು ಕೇಳಿದವರ ಮೋಸವಲ್ಲ, ಇತಿಹಾಸದ್ದು. ಮನೆಯೊಳಗಿನ ಪೆಟ್ಟನ್ನು ಚಿಕ್ಕದೆಂದು ಬರೆದುಕೊಂಡವರು ನಾವು. ಹತ್ತು ಡಾಲರಿನ ಚೀಟಿ ಅಂಟಿಸಿದವರು ನಾವು. ಈಗ ಆ ಚೀಟಿಯನ್ನೇ ತೋರಿಸಿ, ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ನಷ್ಟವೆ ಎಂದು ಕೇಳುವುದು ನ್ಯಾಯವೆ? ತಾನೇ ಸುಳ್ಳು ತೂಕದ ಬಟ್ಟನ್ನಿಟ್ಟ ಅಂಗಡಿಯವನು, ಪದಾರ್ಥ ಹಗುರವಾಗಿದೆಯೆಂದು ಹೇಳಿದ ಹಾಗಾಯಿತು. ನ್ಯಾಯಾಲಯ ಆ ವರ್ಷದ ಜೂನಿನಲ್ಲಿ ತಿದ್ದುಪಡಿಯ ಪರವಾಗಿಯೇ ತೀರ್ಪಿತ್ತಿತು, ಥಾಮಸರು ಒಪ್ಪಲಿಲ್ಲ.

ಇದೇ ಸುಳ್ಳು ತೂಕ ಇನ್ನೊಂದು ರೂಪದಲ್ಲಿ ಮತ್ತೆ ಬಂತು. 2022ರಲ್ಲಿ ಆ ನ್ಯಾಯಾಲಯ ಹೊಸದೊಂದು ಸೂತ್ರವನ್ನು ಹಾಕಿಕೊಟ್ಟಿತು: ಬಂದೂಕಿನ ಹಕ್ಕಿಗೆ ಹಾಕುವ ಯಾವ ಕಟ್ಟುಪಾಡೂ ದೇಶದ ಐತಿಹಾಸಿಕ ಪರಂಪರೆಗೆ ಹೊಂದಬೇಕು. ಟೆಕ್ಸಾಸೂ ಸೇರಿದ ವಲಯದ ಕೇಂದ್ರ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಈ ಸೂತ್ರವನ್ನು ಹಿಡಿದು ಹಳೆಯ ಕಾನೂನುಗಳನ್ನು ಜಾಲಾಡಿತು. ಸಂಗಾತಿಯನ್ನು ಬೆದರಿಸಿದವನ ಕೋವಿ ಕಸಿಯುವ ಹಳೆಯ ಕಾನೂನು ಅದಕ್ಕೆ ಕಾಣಲಿಲ್ಲ. ಆದ್ದರಿಂದ 1994ರ ನಿಷೇಧ ಸಲ್ಲದೆಂದಿತು. ಕಾಣುವುದಾದರೂ ಹೇಗೆ? 1791ರಲ್ಲಿ ಆ ದೇಶದ ಹೆಂಡತಿಗೆ ಸ್ವಂತ ಆಸ್ತಿಯ ಹಕ್ಕಿರಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವಂತೆ ಹೆಂಗಸರಿಗೆ ಮತ ಸಿಕ್ಕಿದ್ದು 1920ರಲ್ಲಿ. ಅವಳ ಮೈಮೇಲಿನ ಪೆಟ್ಟನ್ನು ಲೆಕ್ಕಕ್ಕಿಡದ ಕಾಲದ ಲೆಕ್ಕದ ಪುಸ್ತಕವನ್ನು ತೆರೆದು, ಇಲ್ಲಿ ಜಮಾ ಕಾಣುವುದಿಲ್ಲ ಎಂದರೆ ಏನು ಹೇಳೋಣ?

ರಹೀಮಿ ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2024ರ ಜೂನ್ 21ರಂದು ಎಂಟು ಮಂದಿ ನ್ಯಾಯಮೂರ್ತಿಗಳು ಒಂದು ಕಡೆ, ಥಾಮಸರೊಬ್ಬರು ಇನ್ನೊಂದು ಕಡೆಯಾಗಿ, ನಿಷೇಧ ಊರ್ಜಿತವೆಂದು ತೀರ್ಪಾಯಿತು. ನಡೆದ ಸಂಗತಿ ಇದು: 2019ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಒಬ್ಬನು, ಕಾರು ನಿಲ್ಲಿಸುವ ಬಯಲಿನಲ್ಲಿ, ತನ್ನ ಮಗುವಿನ ತಾಯಿಯ ಕೈಹಿಡಿದೆಳೆದು ಕಾರಿಗೆ ನೂಕಿದ; ಅವಳ ತಲೆ ಕಾರಿಗೆ ಬಡಿಯಿತು. ಯಾರೋ ನೋಡುತ್ತಿರುವುದು ಕಂಡು ಪಿಸ್ತೂಲು ತೆಗೆದ. ಅವಳು ತಪ್ಪಿಸಿಕೊಂಡು ಓಡುವಾಗ ಗುಂಡು ಹಾರಿಸಿದ. ದೂರು ಕೊಟ್ಟರೆ ಸುಡುತ್ತೇನೆಂದು ಆಮೇಲೆ ಟೆಲಿಫೋನಿನಲ್ಲಿ ಬೆದರಿಸಿದ. 2020ರ ಫೆಬ್ರುವರಿಯಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು.

ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸರು ತೀರ್ಪಿನಲ್ಲಿ ಹಿಡಿದ ದಾರಿ ನನಗೆ ಕುತೂಹಲದ್ದೆನಿಸಿತು. ಅವರೂ ಇತಿಹಾಸಕ್ಕೇ ಹೋದರು, ಆದರೆ ಹುಡುಕಿದ್ದು ಬೇರೆಯದನ್ನು. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ, ಒಬ್ಬನಿಂದ ತನಗೆ ಅಪಾಯವಿದೆಯೆಂದು ಹೆದರಿದವರು ನ್ಯಾಯಾಧಿಕಾರಿಯ ಬಳಿ ಹೋಗಿ ಅವನಿಂದ ಜಾಮೀನು ಬರೆಸಿಕೊಳ್ಳಬಹುದಾಗಿತ್ತು. ಹದಿನೆಂಟನೆಯ ಶತಮಾನದ ಬ್ಲ್ಯಾಕ್‌ಸ್ಟನ್ನನ ಪ್ರಕಾರ ಹೆಂಡತಿಯೂ ಗಂಡನ ವಿರುದ್ಧ ಇದನ್ನು ಕೇಳಬಹುದಾಗಿತ್ತು. ನಮಗೆ ಇದು ತಿಳಿಯದ್ದೇನಲ್ಲ. ಶಾಂತಿಭಂಗದ ಭಯವಿದ್ದಾಗ ಮ್ಯಾಜಿಸ್ಟ್ರೇಟರ ಮುಂದೆ ಮುಚ್ಚಳಿಕೆ ಬರೆಸಿಕೊಳ್ಳುವುದು ನಮ್ಮ ಊರುಗಳಲ್ಲಿ ಮನೆಮಾತು. ಆ ಪದ್ಧತಿ ನಮಗೂ ಬಂದದ್ದು ಅದೇ ಮೂಲದಿಂದ.

ಈ ಮುಚ್ಚಳಿಕೆಯ ಮಾತಿನಲ್ಲಿ ನಮ್ಮ ಪ್ರಶ್ನೆಯ ತಿರುಳಿದೆ. ಇನ್ನೂ ಮಾಡದ ಅಪರಾಧಕ್ಕೆ ಒಬ್ಬನನ್ನು ಶಿಕ್ಷಿಸುವುದು ಅನ್ಯಾಯ. ಯಾವ ಧರ್ಮಶಾಸ್ತ್ರವೂ ಒಪ್ಪುವುದಿಲ್ಲ. ಆದರೆ ಮುಚ್ಚಳಿಕೆ ಶಿಕ್ಷೆಯಲ್ಲ. ನೀನು ಕೊಲೆಗಾರನೆಂದು ಅದು ಹೇಳುವುದಿಲ್ಲ; ನಿನ್ನ ನಡೆ ಇನ್ನೊಬ್ಬರಿಗೆ ಭಯ ಹುಟ್ಟಿಸಿದೆ, ಆ ಭಯಕ್ಕೆ ಆಧಾರವಿದೆ, ಆದ್ದರಿಂದ ಸ್ವಲ್ಪ ಕಾಲ ನಿನ್ನ ಕೈಯನ್ನು ಹಿಡಿಯುತ್ತೇವೆ ಎನ್ನುತ್ತದೆ. ಶಿಕ್ಷೆ ಹಿಂದಕ್ಕೆ ನೋಡುತ್ತದೆ, ತಡೆ ಮುಂದಕ್ಕೆ. ಹಿಂದಕ್ಕೆ ನೋಡುವಾಗ ಸಂದೇಹದ ಲಾಭ ಆರೋಪಿಗೆ ಸಲ್ಲಬೇಕು. ಅದರಲ್ಲಿ ಎರಡು ಮಾತಿಲ್ಲ. ಮುಂದಕ್ಕೆ ನೋಡುವಾಗ ಸಂದೇಹದ ಲಾಭ ಯಾರದು? ಅವನು ಕೆಲವು ಕಾಲ ಬಂದೂಕಿಲ್ಲದೆ ಇರುವ ನಷ್ಟವನ್ನೂ ಅವಳು ಜೀವವಿಲ್ಲದೆ ಇರುವ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆಂದು ನನಗೆ ತೋರುವುದಿಲ್ಲ. ಹನ್ನೊಂದು ನಗರಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಜಾಕ್ವೆಲಿನ್ ಕ್ಯಾಂಪ್‌ಬೆಲ್ಲರ ಅಧ್ಯಯನದಲ್ಲಿ, ಹೊಡೆಯುವ ಗಂಡಸಿನ ಕೈಗೆ ಬಂದೂಕು ಸಿಕ್ಕುವಂತಿದ್ದರೆ ಆ ಹೆಂಗಸು ಕೊಲೆಯಾಗುವ ಸಂಭವ ಐದು ಪಟ್ಟಿನಷ್ಟು ಹೆಚ್ಚೆಂದು ಕಂಡುಬಂತು.

ಆಯುಧದ ಮೇಲೆ ಅಷ್ಟೊಂದು ವ್ಯಾಮೋಹವೇಕೆ ಎಂದು ನಮ್ಮವರು ನಗುವುದುಂಟು. ನಗುವ ಮುಂಚೆ ಕೊಡಗನ್ನು ನೆನೆಯಬೇಕು. ಕೈಲ್‌ಪೊಳ್ದಿನ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ನಮ್ಮ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಆಯುಧವನ್ನು ಮಾನವೆಂದು ಬಗೆಯುವ ಜನ ಮೂಢರಲ್ಲ. ಆದರೆ ಮಾನದ ವಸ್ತುವನ್ನು ಯೋಗ್ಯತೆ ನೋಡಿ ಕೈಗೆ ಕೊಡುವುದೂ ಅದೇ ಮಾನದ ಭಾಗವಲ್ಲವೆ?

ಇಷ್ಟೆಲ್ಲ ತತ್ತ್ವದ ಮಾತಾಯಿತು. ಕಡತ ಏನು ಮಾಡುತ್ತದೆ? ಕಡತಕ್ಕೆ ಗೊತ್ತಿರುವುದು ಯಾರಾದರೂ ಬರೆದದ್ದು ಮಾತ್ರ. ಹಳೆಯ ಶಿಕ್ಷೆಯ ದಾಖಲೆಯಲ್ಲಿ ಹಲ್ಲೆ ಎಂದಷ್ಟೇ ಇರುತ್ತದೆ. ಪೆಟ್ಟು ತಿಂದವಳು ಹೆಂಡತಿಯೋ ದಾರಿಹೋಕಳೋ ಎಂಬುದು ಎಷ್ಟೋ ಸಲ ಇರುವುದಿಲ್ಲ. ಹುಡುಕಿ ತಿಳಿಯಲು ಹೊತ್ತು ಬೇಕು. ಮೂರು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ, ಕೇಂದ್ರದ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಅಂಗಡಿಯವನು ಬಂದೂಕನ್ನು ಮಾರಬಹುದು.

2017ರ ನವೆಂಬರ್ 5ರ ಭಾನುವಾರ ಟೆಕ್ಸಾಸಿನ ಸದರ್ಲೆಂಡ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನ ಇಗರ್ಜಿಯಲ್ಲಿ ಪ್ರಾರ್ಥನೆಗೆ ಕುಳಿತವರ ಮೇಲೆ ಒಬ್ಬನು ಗುಂಡಿನ ಮಳೆಗರೆದ. ಹುಟ್ಟದ ಒಂದು ಶಿಶುವೂ ಸೇರಿ ಇಪ್ಪತ್ತಾರು ಜೀವಗಳು ಹೋದವು. ಅವನು ಹಿಂದೆ ವಾಯುಸೇನೆಯಲ್ಲಿದ್ದಾಗ ಹೆಂಡತಿಯನ್ನೂ ಅವಳ ಎಳೆಯ ಮಗನನ್ನೂ ಹೊಡೆದು 2012ರಲ್ಲಿ ಸೇನಾ ನ್ಯಾಯಾಲಯದಿಂದ ಶಿಕ್ಷೆ ಪಡೆದಿದ್ದ. ಆ ಶಿಕ್ಷೆಯನ್ನು ಕಡತಕ್ಕೆ ತಿಳಿಸಬೇಕಾದದ್ದು ವಾಯುಸೇನೆಯ ಕರ್ತವ್ಯ, ಅದು ತಿಳಿಸಲಿಲ್ಲ. ಅವನು ಅಂಗಡಿಗೆ ಹೋದ, ನಮೂನೆ ತುಂಬಿದ, ಪರಿಶೀಲನೆಯಲ್ಲಿ ತೇರ್ಗಡೆಯಾದ. ಆ ದುರಂತದಲ್ಲಿ ನೂರಕ್ಕೆ ಅರವತ್ತು ಪಾಲು ಹೊಣೆ ಸರ್ಕಾರದ್ದೆಂದು 2021ರಲ್ಲಿ ನ್ಯಾಯಾಧೀಶರೊಬ್ಬರು ತೀರ್ಮಾನಿಸಿದರು. ಆ ಕೊಲೆಯ ದಿನ ದೇಶವೆಲ್ಲ ಕೇಳಿದ ಪ್ರಶ್ನೆ, ಇಂಥವನಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲವೆ ಎಂದು. ತಿಳಿದಿತ್ತು. ಒಬ್ಬ ಹೆಂಗಸಿಗೆ ಮತ್ತು ಒಂದು ಮಗುವಿಗೆ ತಿಳಿದಿತ್ತು; ನ್ಯಾಯಾಲಯವೊಂದಕ್ಕೂ ತಿಳಿದಿತ್ತು. ಮನೆಯ ವಿಷಯವೆಂದು ತಿಳಿದದ್ದು ಊರಿನ ವಿಷಯವಾಗುವುದಕ್ಕೆ ಐದು ವರ್ಷ ಹಿಡಿಯಿತು.

ಅಂಗಡಿಯಿಲ್ಲದೆ ಕೊಳ್ಳುವ ದಾರಿಯೂ ಇದೆ. ಲೈಸೆನ್ಸಿಲ್ಲದ ಖಾಸಗಿ ಮನುಷ್ಯನೊಬ್ಬ ಇನ್ನೊಬ್ಬನಿಗೆ ಮಾರಿದರೆ ಕೇಂದ್ರದ ಕಾನೂನು ಪರಿಶೀಲನೆಯನ್ನು ಕೇಳುವುದಿಲ್ಲ. ಕೆಲವು ರಾಜ್ಯಗಳು ಮಾತ್ರ ಕೇಳುತ್ತವೆ. ವಿಸ್ಕಾನ್ಸಿನ್ ರಾಜ್ಯದಲ್ಲಿ 2012ರ ಅಕ್ಟೋಬರ್ 18ರಂದು ಒಬ್ಬ ಹೆಂಗಸಿಗೆ ಗಂಡನ ಮೇಲೆ ತಡೆಯಾಜ್ಞೆ ಸಿಕ್ಕಿತು. ಎರಡು ದಿನದಲ್ಲಿ ಅವನು ಇಂಟರ್‌ನೆಟ್ಟಿನ ಜಾಹೀರಾತು ನೋಡಿ ಅಪರಿಚಿತನೊಬ್ಬನಿಂದ ಪಿಸ್ತೂಲು ಕೊಂಡ. ಮೂರನೆಯ ದಿನ ಅವಳು ಕೆಲಸ ಮಾಡುತ್ತಿದ್ದಲ್ಲಿಗೆ ಹೋಗಿ ಅವಳನ್ನೂ ಇನ್ನಿಬ್ಬರನ್ನೂ ಕೊಂದ. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ದೊಡ್ಡವರೂ ಸತ್ತರು. ಇಂಥ ಜಾಹೀರಾತಿನ ಮಾರಾಟಗಳಿಗೂ ಪರಿಶೀಲನೆ ಬೇಕೆಂಬ ಮಸೂದೆಗೆ 2013ರ ಏಪ್ರಿಲಿನಲ್ಲಿ ಸೆನೆಟ್ಟಿನಲ್ಲಿ ಐವತ್ನಾಲ್ಕು ಮತಗಳು ಬಂದವು, ಬೇಕಾದದ್ದು ಅರವತ್ತು.

ಎದುರು ಪಕ್ಷದವರ ಮಾತನ್ನೂ ಕೇಳಬೇಕು. ಅದರಲ್ಲಿ ಒಂದು ಮಾತು ನನ್ನನ್ನು ಬಹಳ ಕಾಡಿದೆ. 2015ರಲ್ಲಿ ನ್ಯೂಜೆರ್ಸಿ ರಾಜ್ಯದ ಒಬ್ಬ ಹೆಂಗಸು, ಹಿಂದಿನ ಗೆಳೆಯನ ಮೇಲೆ ತಡೆಯಾಜ್ಞೆ ಪಡೆದು, ಮನೆಗೆ ಕ್ಯಾಮೆರಾ ಹಾಕಿಸಿ, ತನ್ನ ರಕ್ಷಣೆಗೆ ಪಿಸ್ತೂಲು ಬೇಕೆಂದು ಅರ್ಜಿ ಕೊಟ್ಟಿದ್ದಳು. ಆ ರಾಜ್ಯದ ಕಾನೂನು ಮೂವತ್ತು ದಿನಗಳ ಗಡುವು ಕೊಟ್ಟಿತ್ತು. ಗಡುವು ಮೀರಿದರೂ ಪರವಾನಗಿ ಬರಲಿಲ್ಲ. ಅವನು ಬಂದು ಅವಳ ಮನೆಯಂಗಳದಲ್ಲೇ ಅವಳನ್ನು ಇರಿದು ಕೊಂದ. ಪರಿಶೀಲನೆ ಹೊಡೆಯುವವನನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಹೊಡೆಸಿಕೊಳ್ಳುವವಳನ್ನು ತಡೆಯುತ್ತದೆಂದು ಅವರು ಈ ಕಥೆಯನ್ನು ಎತ್ತಿ ಹೇಳುತ್ತಾರೆ. ಇದಕ್ಕೆ ಸುಲಭದ ಉತ್ತರವಿಲ್ಲ. ಅವಳ ಅರ್ಜಿಯನ್ನು ಮೊದಲು ನೋಡಬೇಕಾಗಿತ್ತೆಂದು ಹೇಳಬಹುದು, ಹೇಳಿಯೂ ಇದ್ದಾರೆ. ಆದರೆ ನನಗೆ ಕಾಣುವುದು ಬೇರೊಂದು. ಅವಳ ಭಯವನ್ನು ನ್ಯಾಯಾಲಯ ನಂಬಿ ಕಾಗದ ಕೊಟ್ಟಿತು. ಆ ನಂಬಿಕೆ ಕಾಗದದಲ್ಲೇ ಉಳಿಯಿತು. ಅವನನ್ನು ಕಾಯುವ ಕೆಲಸವನ್ನು ಅವಳಿಗೇ ಬಿಟ್ಟರು. ಕ್ಯಾಮೆರಾ ಅವಳದು, ಪಿಸ್ತೂಲೂ ಅವಳದೇ ಆಗಬೇಕಾಗಿತ್ತು.

ಇನ್ನೊಂದು ಆಕ್ಷೇಪಣೆ, ಒಂದು ತಪ್ಪಿಗೆ ಬಾಳೆಲ್ಲ 'ಅಯೋಗ್ಯ' ಎಂಬ ಮುದ್ರೆಯೆ ಎಂಬುದು. ಲಾಟನ್‌ಬರ್ಗ್ ತಿದ್ದುಪಡಿ ಪೊಲೀಸಿನವರಿಗೂ ಸೈನಿಕರಿಗೂ ರಿಯಾಯಿತಿ ಕೊಡದ ಕಾರಣ ಅನೇಕರ ಉದ್ಯೋಗಕ್ಕೂ ಸಂಚಕಾರ ಬಂತು. ಮನುಷ್ಯ ತಿದ್ದಿಕೊಳ್ಳುತ್ತಾನೆಂಬುದನ್ನು ನಾನು ನಂಬುತ್ತೇನೆ. ನಂಬದವನು ಪಾಠ ಹೇಳುವ ಕೆಲಸಕ್ಕೆ ಬರಬಾರದು. 2022ರ ಜೂನಿನಲ್ಲಿ ಬಂದ ಕಾನೂನು, ಅದುವರೆಗೆ ಪಟ್ಟಿಯ ಹೊರಗಿದ್ದ ಗೆಳೆಯರನ್ನು (ಮದುವೆಯಾಗದೆ, ಒಂದೇ ಸೂರಿನಡಿ ಇರದೆ, ಮಗುವೂ ಇಲ್ಲದೆ ಸಂಬಂಧದಲ್ಲಿದ್ದವರನ್ನು) ಸೇರಿಸಿಕೊಂಡಿತು. ಅವರಿಗೆ ಮಾತ್ರ, ಮೊದಲ ತಪ್ಪಾಗಿದ್ದರೆ, ಐದು ವರ್ಷ ನೆಟ್ಟಗೆ ನಡೆದ ಮೇಲೆ ಹಕ್ಕು ಮರಳುವಂತೆ ಮಾಡಿತು. ಇದು ವಿವೇಕದ ದಾರಿ. ಗಂಡನಿಗೂ ಈ ದಾರಿ ಇರಲಿ ಎಂದರೆ ನಾನು ವಾದಿಸಲಾರೆ. ಆದರೆ ಮರಳಿ ಕೊಡುವಾಗ ಯಾರನ್ನು ಕೇಳಬೇಕು? 2025ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಕೆಲವರಿಗೆ ಬಂದೂಕಿನ ಹಕ್ಕನ್ನು ಹಿಂದಿರುಗಿಸಿತು. ಅವರಲ್ಲೊಬ್ಬ ಹೆಸರಾಂತ ಚಿತ್ರನಟ. 2011ರಲ್ಲಿ ಹಿಂದಿನ ಗೆಳತಿಯನ್ನು ಹೊಡೆದ ಕಿರು ಅಪರಾಧದಲ್ಲಿ ಶಿಕ್ಷೆ ಹೊಂದಿದ್ದವನು. ಶಿಫಾರಸು ಮಾಡಲು ಒಪ್ಪದಿದ್ದುದಕ್ಕೆ ತಾನು ಕೆಲಸ ಕಳೆದುಕೊಂಡೆನೆಂದು ಇಲಾಖೆಯ ಒಬ್ಬ ಅಧಿಕಾರಿಣಿ ಹೇಳಿದರು, ಇಲಾಖೆ ಒಪ್ಪಲಿಲ್ಲ. ಆ ವಾದದಲ್ಲೆಲ್ಲ ನಟನ ಹೆಸರು, ಮಂತ್ರಿಯ ಹೆಸರು, ಅಧಿಕಾರಿಣಿಯ ಹೆಸರು ಓಡಾಡಿದವು. ಪೆಟ್ಟು ತಿಂದವಳ ಅಭಿಪ್ರಾಯವೇನೆಂಬುದು ಪ್ರಶ್ನೆಯೇ ಆಗಲಿಲ್ಲ.

ಮಹಾಭಾರತದ ವಿರಾಟನ ಸಭೆ ನೆನಪಿಗೆ ಬರುತ್ತದೆ. ಕೀಚಕನು ಎಲ್ಲರೆದುರಿಗೆ ಸೈರಂಧ್ರಿಯನ್ನು ಒದೆಯುತ್ತಾನೆ. ಅವಳು ನ್ಯಾಯ ಕೇಳಿದರೆ ವಿರಾಟನ ಉತ್ತರವೇನು? ನಿಮ್ಮಿಬ್ಬರ ವ್ಯಾಜ್ಯ ನನ್ನ ಕಣ್ಣ ಹಿಂದೆ ನಡೆದದ್ದು, ನಿಜಸ್ಥಿತಿ ತಿಳಿಯದೆ ನಾನು ಹೇಗೆ ತೀರ್ಮಾನಿಸಲಿ ಎಂಬುದು. ಒದೆತ ಬಿದ್ದದ್ದು ಅವನ ಕಣ್ಣ ಮುಂದೆಯೇ! ಕೀಚಕ ಅವನ ಮೈದುನ, ಸೇನಾಪತಿ. ರಾಜ್ಯ ನಿಂತದ್ದು ಅವನ ತೋಳಿನ ಮೇಲೆ. ಕಾಣದ್ದನ್ನು ಕಾಣಲಿಲ್ಲವೆನ್ನುವುದು ಬೇರೆ. ಕಂಡದ್ದನ್ನು ಮನೆಯ ವಿಷಯವೆಂದು ಮಾಡಿ ಕಾಣದಿರುವುದು ಬೇರೆ.

ಎರಡನೆಯ ಬಗೆಗೆ ಉದಾಹರಣೆ ಕೊಲರಾಡೊ ರಾಜ್ಯದ ಕ್ಯಾಸಲ್ ರಾಕ್ ಪಟ್ಟಣದ್ದು. 1999ರ ಜೂನ್ ತಿಂಗಳ ಒಂದು ಸಂಜೆ, ತಡೆಯಾಜ್ಞೆಗೆ ಒಳಗಾದ ತಂದೆ ಮನೆಯ ಹೊರಗೆ ಆಡುತ್ತಿದ್ದ ಮೂವರು ಹೆಣ್ಣುಮಕ್ಕಳನ್ನು ಕರೆದೊಯ್ದ. ತಾಯಿ ಮತ್ತೆ ಮತ್ತೆ ಪೊಲೀಸರಿಗೆ ಟೆಲಿಫೋನು ಮಾಡಿದಳು. ಕಾದು ನೋಡು ಎಂದರು. ನಡುರಾತ್ರಿ ಕಳೆದ ಮೇಲೆ ಠಾಣೆಗೇ ಹೋದಳು. ದೂರು ಬರೆದುಕೊಂಡ ಅಧಿಕಾರಿ ಊಟಕ್ಕೆ ಹೋದನೆಂದು ಅವಳ ಅಹವಾಲಿನಲ್ಲಿದೆ. ಬೆಳಗಿನ ಜಾವ ಮೂರು ಗಂಟೆಯ ಮೇಲೆ ಅವನು ಠಾಣೆಯೆದುರು ಬಂದು, ಆ ಸಂಜೆಯೇ ಕೊಂಡಿದ್ದ ಪಿಸ್ತೂಲಿನಿಂದ ಗುಂಡು ಹಾರಿಸುತ್ತ ಪೊಲೀಸರ ಗುಂಡಿಗೆ ಸತ್ತ. ಅವನ ಗಾಡಿಯೊಳಗೆ ಮೂವರು ಮಕ್ಕಳ ಹೆಣಗಳಿದ್ದವು. ತಡೆಯಾಜ್ಞೆಯನ್ನು ಜಾರಿಮಾಡಿಸಿಕೊಳ್ಳುವ ಹಕ್ಕು ಆ ತಾಯಿಗೆ ಸಂವಿಧಾನದಿಂದ ಬಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಏಳಕ್ಕೆ ಎರಡರಂತೆ ತೀರ್ಪಿತ್ತಿತು. ಬಂದೂಕು ಹೊಂದುವ ಹಕ್ಕು ಸಂವಿಧಾನದ್ದು. ಅದರಿಂದ ತನ್ನನ್ನೂ ತನ್ನ ಮಕ್ಕಳನ್ನೂ ಉಳಿಸಿರೆಂದು ಕೇಳುವ ಹಕ್ಕು ಅಲ್ಲಿಲ್ಲ.

ರಹೀಮಿ ತೀರ್ಪು ಬಂದ ಮೇಲೂ ಈ ಭಾಗ ಹಾಗೆಯೇ ಉಳಿದಿದೆ. ತಡೆಯಾಜ್ಞೆಗೆ ಒಳಗಾದವನು ಬಂದೂಕು ಇಟ್ಟುಕೊಳ್ಳಬಾರದೆಂದು ದೇಶದ ಕಾನೂನು ಹೇಳುತ್ತದೆ. ಇಟ್ಟುಕೊಂಡದ್ದನ್ನು ಯಾರು ಹೋಗಿ ತರಬೇಕೆಂದು ಹೇಳುವುದಿಲ್ಲ. ಅದು ಆಯಾ ರಾಜ್ಯದ ಪಾಡು. ಕೆಲವೆಡೆ ಪೊಲೀಸರು ಹೋಗಿ ತರುತ್ತಾರೆ. ಇನ್ನು ಎಷ್ಟೋ ಕಡೆ ಅವನೇ ತಂದು ಒಪ್ಪಿಸುತ್ತಾನೆಂದು ನಂಬಿ ಕುಳಿತಿರುತ್ತಾರೆ. ಟೆಕ್ಸಾಸಿನ ಆ ಮನುಷ್ಯನ ಮನೆಯನ್ನು ಪೊಲೀಸರು ಶೋಧಿಸಿದ್ದು ತಡೆಯಾಜ್ಞೆಯನ್ನು ಜಾರಿಮಾಡುವುದಕ್ಕಲ್ಲ. ಆಮೇಲೆ ಬೇರೆ ಬೇರೆ ಕಡೆ ಗುಂಡು ಹಾರಿಸಿದ ಪ್ರಕರಣಗಳಲ್ಲಿ ಅವನ ಮೇಲೆ ಸಂಶಯ ಬಂದದ್ದರಿಂದ. ಅಲ್ಲಿ ಸಿಕ್ಕಿದ್ದು ಒಂದು ಪಿಸ್ತೂಲು, ಒಂದು ರೈಫಲ್, ಮದ್ದುಗುಂಡು, ಮತ್ತು ಆ ತಡೆಯಾಜ್ಞೆಯದೇ ಒಂದು ಪ್ರತಿ.